ಇತ್ತ ಸ್ವಲ್ಪ ಸರಿಯಿರಿ

ಸೋನೋಗ್ರಫಿಯ ಕೋಣೆಯಲ್ಲಿ ನೋವೆಲ್ಲ ಮಂಚದ ಮೇಲೆ ಮಲಗಿದವರದೇ ಎಂದು ಜನರ ಎಣಿಕೆ. ಪಕ್ಕದಲ್ಲಿ ಕುಳಿತು ಬೆಳಗಿನಿಂದ ಸಂಜೆಯವರೆಗೆ ಪ್ರೋಬ್ ಹಿಡಿದಿರುವ ನಮ್ಮಂಥವರ ಬಲಭುಜದ ಸುದ್ದಿ ಕೇಳುವವರು ವಿರಳ. ಅಮೆರಿಕದಲ್ಲಿ ಈ ಕೆಲಸಕ್ಕೆ ತಂತ್ರಜ್ಞರೇ ಬೇರೆ ಇದ್ದಾರೆ. ಭುಜನೋವಿನ ದೂರು ಅವರಲ್ಲಿ ಬಹಳ ಹಳೆಯದು. ನಮ್ಮಲ್ಲಿ ಭ್ರೂಣಲಿಂಗ ಪತ್ತೆಯನ್ನು ತಡೆಯಲೆಂದು ಬಂದ 1994ರ ಕಾನೂನಿನ ಪ್ರಕಾರ ಗರ್ಭಿಣಿಯರ ಪರೀಕ್ಷೆಯನ್ನು ಅರ್ಹ ವೈದ್ಯರೇ ಮಾಡಬೇಕು. ಅಂತೂ ನೋವು ನಮ್ಮ ಪಾಲಿಗೆ ಬಂತು.

ಪ್ರೋಬೇನೂ ಭಾರದ ವಸ್ತುವಲ್ಲ. ಆದರೆ ಚಕ್ಕುಲಿ ಒರಳನ್ನು ತೋಳು ಚಾಚಿ ಹಿಡಿದು ಅರ್ಧ ಗಂಟೆ ಒತ್ತಿ ನೋಡಿ, ತಿಳಿದೀತು! ಬಲಗೈ ಒತ್ತುತ್ತಿರಬೇಕು, ಎಡಗೈ ಗುಂಡಿಗಳ ಮೇಲಿರಬೇಕು, ಕತ್ತು ಪರದೆಯ ಕಡೆ ತಿರುಗಿರಬೇಕು. ಸಂಜೆ ಅದೇ ಬಲಗೈಯಿಂದ ಲೋಕಲ್ ಗಾಡಿಯ ಹಿಡಿಗೆ ಜೋತು ಬೀಳಬೇಕು. ನಮ್ಮ ಜೊತೆಯವರೊಬ್ಬರಿಗೆ ಜಡೆ ಹೆಣೆದುಕೊಳ್ಳಲೂ ಕೈ ಮೇಲೇಳದಂತಾಯಿತು, ಮಗಳು ಹೆಣೆಯತೊಡಗಿದಳು. ಕೊನೆಗೆ ಅವರು ಕೆಲಸವನ್ನೇ ಬಿಟ್ಟರು.

ನೀಲಗಿರಿ ಎಣ್ಣೆ ತಿಕ್ಕಿದರೆ ಹಾಯೆನಿಸುವುದು ನಿಜ, ಆದರೆ ಎಣ್ಣೆಯಿಂದ ಮಂಚದ ಎತ್ತರ ಬದಲಾಗದು. ಈಗ ನಾವು ಪ್ರತಿಯೊಬ್ಬರ ಸರದಿಗೂ ಮುನ್ನ ಅರ್ಧ ನಿಮಿಷ ತೆಗೆದುಕೊಳ್ಳುತ್ತೇವೆ. ಮಂಚವನ್ನೂ ಕುರ್ಚಿಯನ್ನೂ ಹೊಂದಿಸಿ, ತೋಳು ಮೈಯಿಂದ 30 ಡಿಗ್ರಿಗಿಂತ ಹೆಚ್ಚು ಅಗಲದಂತೆ ನೋಡಿಕೊಳ್ಳುತ್ತೇವೆ. ಮೊಣಕೈ ಕೆಳಗೆ ಮಡಿಸಿದ ಟವೆಲ್ಲು, ಪರದೆ ಕಣ್ಣಿಗೆ ನೇರ. ಪ್ರೋಬಿನ ಹಿಡಿಗೆ ಅಂಟಿದ ಜೆಲ್ ಒರೆಸಿಕೊಳ್ಳುವುದು ಸಣ್ಣ ಮಾತೆನಿಸೀತು. ಜಾರುವ ವಸ್ತುವನ್ನು ಕೈ ತಾನಾಗಿಯೇ ಬಿಗಿಹಿಡಿಯುತ್ತದೆ, ಮಣಿಕಟ್ಟು ಬೇಯುವುದು ಅದರಿಂದಲೇ. ನೇತಾಡುವ ಕೇಬಲ್ಲೂ ಕೈಯನ್ನು ಜಗ್ಗುತ್ತಿರುತ್ತದೆ, ಅದಕ್ಕೂ ಒಂದು ಆಸರೆ ಬೇಕು. ನಡುನಡುವೆ ಕೈ ಇಳಿಬಿಟ್ಟು ಒಂದು ಗಳಿಗೆ ಸುಮ್ಮನಿರುತ್ತೇವೆ. ಹೊರಗೆ ಸಾಲು ಬೆಳೆಯುತ್ತಿದ್ದರೂ ಸರಿಯೇ.

ಲಕ್ಷಗಟ್ಟಲೆಯ ಯಂತ್ರ ತರಿಸುವ ಮಾಲೀಕರು ಏರಿಳಿಸಬಹುದಾದ ಕುರ್ಚಿ ಕೇಳಿದರೆ ಮಾತ್ರ ಲೆಕ್ಕ ಹಾಕುತ್ತಾರೆ. ಕೇಳುವುದನ್ನು ನಾವು ಬಿಟ್ಟಿಲ್ಲ.

ವಾಚಕರಲ್ಲಿಯೂ ಒಂದು ಬಿನ್ನಹ. ಪರೀಕ್ಷೆಗೆ ಬಂದ ನಮ್ಮ ಹೆಂಗಸರು ಸಂಕೋಚದಿಂದ ಗೋಡೆಯತ್ತ ಸರಿದು ಮಲಗುತ್ತಾರೆ. ಅಷ್ಟು ದೂರಕ್ಕೆ ಕೈ ಚಾಚಿದಾಗಲೇ ಭುಜ ಸೋಲುವುದು. "ಇತ್ತ ಸ್ವಲ್ಪ ಸರಿಯಿರಿ" ಎಂದಾಗ ಮಂಚದ ಅಂಚಿನವರೆಗೂ ಬನ್ನಿ. ಬೀಳುತ್ತೀರೆಂಬ ಭಯ ಬೇಡ, ನಾವು ಪಕ್ಕದಲ್ಲೇ ಇರುತ್ತೇವೆ.