ಟೀಚರಮ್ಮನ ಕಾರಿನ ಕಪ್ಪು ಪಟ್ಟಿ

ತಪಸ್ಸುಕಾಲಕ್ಕೆ ಮುಂಚಿನ ನಾಲ್ಕೈದು ವಾರ ನಮ್ಮ ಬಳಗದವರು ಪೂಜೆ ಮುಗಿದ ಕೂಡಲೇ ಎಲ್ಲಿ ಮಾಯವಾಗುತ್ತಿದ್ದರು ಎಂದು ಹಲವರು ಕೇಳಿದ್ದೀರಿ. ಕ್ರಿಕೆಟ್ ಆಡಲು ಹೋಗಿರಲಿಲ್ಲ. ದಿಂಬಂನಲ್ಲಿ ಟೀಚರಮ್ಮನ ಮನೆಯ ಅಂಗಳದಲ್ಲಿ ಅವರ ಹಳೆಯ ಮಾರುತಿ 800 ಕಾರಿನ ಪಕ್ಕದ ಪಟ್ಟಿ ಕಿತ್ತು ಹೊಸದು ಹಾಕುತ್ತಿದ್ದೆವು. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಬೀಡಿಂಗ್. ಬಾಗಿಲುಗಳ ಮಧ್ಯೆ ಉದ್ದಕ್ಕೆ ಓಡುವ ಕಪ್ಪು ಪ್ಲಾಸ್ಟಿಕ್ ಪಟ್ಟಿ ಎಂದರೆ ಎಲ್ಲರಿಗೂ ಗೊತ್ತಾದೀತು.

ಅಷ್ಟಕ್ಕೆ ಐದು ವಾರವೇ ಎಂದು ನಗಬೇಡಿ. ಫಾದರ್ ಕೂಡ ನಕ್ಕರು.

ಟೀಚರಮ್ಮನ ಯಜಮಾನರು ಆ ಕಾರನ್ನು 2003ರಲ್ಲಿ ಕೊಂಡರು. ಅವರು ತೀರಿಕೊಂಡು ವರ್ಷಗಳಾದವು. ಈಗ ಅದನ್ನು ಓಡಿಸುವುದು ಅವರ ಅಣ್ಣನ ಮಗ, ಅದೂ ತಿಂಗಳಿಗೊಮ್ಮೆ, ಟೀಚರಮ್ಮನನ್ನು ಸತ್ಯಮಂಗಲದ ಡಾಕ್ಟರ ಹತ್ತಿರ ಕರೆದೊಯ್ಯಲು. ಈ ರಸ್ತೆ ಗೊತ್ತಿಲ್ಲದವರಿಗೆ ಒಂದು ಮಾತು: ದಿಂಬಂನಿಂದ ಬಣ್ಣಾರಿಗೆ ಇಳಿಯುವ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಸುತ್ತಲೂ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಎದುರಿಗೆ ಲಾರಿ ಬಂದರೆ ತಿರುವಿನಲ್ಲಿ ನಿಂತು ಕಾಯಬೇಕು, ಕಬ್ಬಿನ ಲಾರಿ ಆದರೆ ಅದರ ಹಿಂದೆಯೇ ಆನೆ ಇದೆಯೋ ಎಂದು ನೋಡಬೇಕು. ಇಂಥ ದಾರಿಯಲ್ಲಿ ಕಾರಿನಿಂದ ಒಂದು ತುಂಡು ಕಳಚಿ ಬಿದ್ದರೆ ಇಳಿದು ಎತ್ತಿಕೊಳ್ಳುವಂತಿಲ್ಲ. ಹಿಂದೆ ಬೈಕಿನವರು ಬರುತ್ತಿದ್ದರೆ ಅದು ನೇರ ಅವರ ಚಕ್ರಕ್ಕೆ.

ಟೀಚರಮ್ಮನ ಕಾರಿನ ಎಡಬದಿಯ ಪಟ್ಟಿ ಅರ್ಧ ಕಿತ್ತು ನೇತಾಡುತ್ತಿತ್ತು. ರಸ್ತೆಯ ಅಂಚಿಗೆ ಚಾಚಿಕೊಂಡ ಲಂಟಾನ ಪೊದೆ ಪ್ರತಿ ಸಲವೂ ಅದನ್ನು ಸ್ವಲ್ಪ ಸ್ವಲ್ಪ ಎಳೆದಿತ್ತು. ಮಾರ್ಚಿನಲ್ಲಿ ನೋಂದಣಿ ನವೀಕರಣ ಬೇರೆ. ಖಾಸಗಿ ಕಾರಿಗೆ ಮೊದಲು 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ತೋರಿಸಿ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಅಷ್ಟು ಕಟ್ಟಿ, ಘಾಟಿ ಇಳಿದು, ತುಕ್ಕು ಹಿಡಿದ ಬಾಗಿಲಿಗೆ ಇನ್‌ಸ್ಪೆಕ್ಟರು ತಲೆ ಅಲ್ಲಾಡಿಸಿದರೆ? ಗುಜರಿಗೆ ಹಾಕಿ ಎಂದು ಬಂಧುಗಳು ಆಗಲೇ ಹೇಳುತ್ತಿದ್ದರು. ಟೀಚರಮ್ಮ ಮಾತಾಡುತ್ತಿರಲಿಲ್ಲ. ನಮ್ಮಲ್ಲಿ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು ಅವರು, ಅವರು ಮಾತಾಡದೆ ಕೂತರೆ ನಮಗೆ ಈಗಲೂ ಭಯ.

ನಮ್ಮಲ್ಲಿ ಒಬ್ಬ ಚಾಮರಾಜನಗರದಲ್ಲಿ ಬಾಡಿ ಕೆಲಸದ ಶೆಡ್ಡಿನಲ್ಲಿ ಎರಡು ವರ್ಷ ಇದ್ದವನು. ಕೈಗೆ ಉಳಿ ಎತ್ತಿಕೊಳ್ಳುವ ಮೊದಲು ಅಳತೆ ತೆಗೆಯಿರಿ ಎಂದು ಅವನೇ ತಡೆದದ್ದು. ಪಟ್ಟಿ ಕಿತ್ತ ಮೇಲೆ ಅದು ಎಲ್ಲಿತ್ತು ಎಂಬುದು ಕಣ್ಣಿನ ಅಂದಾಜಿಗೆ ಸಿಗುವುದಿಲ್ಲ. ಒಂದು ಬದಿಗೆ ನಾಲ್ಕು ತುಂಡು: ಮುಂದಿನ ಮಡ್‌ಗಾರ್ಡಿಗೆ ಒಂದು, ಎರಡು ಬಾಗಿಲಿಗೆ ಎರಡು, ಹಿಂಬದಿಗೆ ಒಂದು. ಪ್ರತಿಯೊಂದರ ಮೇಲಂಚಿಗೆ ಸರಿಯಾಗಿ ಪೇಪರ್ ಟೇಪ್ ಅಂಟಿಸಿದೆವು, ಬಾಗಿಲಿನ ಕೆಳ ಅಂಚಿನಿಂದ ಎಷ್ಟು ಎತ್ತರ ಎಂದು ಎರಡೂ ತುದಿಯಲ್ಲಿ ಅಳೆದು ಬರೆದುಕೊಂಡೆವು. ತುಂಡುಗಳ ನಡುವಿನ ಸಂದು ಕೂಡ ಬರೆದುಕೊಳ್ಳಬೇಕು, ಅದರ ಕಾರಣ ಆಮೇಲೆ ಹೇಳುತ್ತೇವೆ.

ಕೀಳುವುದರಲ್ಲಿ ಬಲಪ್ರಯೋಗ ಇಲ್ಲ, ಬಿಸಿ ಮತ್ತು ತಾಳ್ಮೆ ಸಾಕು. ಪಟ್ಟಿಯ ಹಿಂದೆ ಇರುವುದು ಎರಡೂ ಮುಖಕ್ಕೆ ಅಂಟಿರುವ ಫೋಮ್ ಟೇಪ್. ಬಿಸಿಯಾದರೆ ಅಂಟು ಮೆತ್ತಗಾಗುತ್ತದೆ. ಹೇರ್ ಡ್ರೈಯರ್ ತಂದಿದ್ದೆವು, ಕರೆಂಟು ಇರಲಿಲ್ಲ. ದಿಂಬಂನಲ್ಲಿ ಇದು ಸುದ್ದಿಯೇ ಅಲ್ಲ. ಟೀಚರಮ್ಮನ ಒಲೆಯ ಮೇಲೆ ನೀರು ಕಾಸಿ, ಹಳೆ ಟವೆಲ್ ಅದ್ದಿ ಹಿಂಡಿ, ಪಟ್ಟಿಯ ಮೇಲೆ ಒತ್ತಿ ಹಿಡಿದೆವು. ಮೀನು ಹಿಡಿಯುವ ನೈಲಾನ್ ದಾರವನ್ನು ಎರಡೂ ಕಡೆ ಕಡ್ಡಿಗೆ ಸುತ್ತಿ, ಪಟ್ಟಿ ಮತ್ತು ತಗಡಿನ ನಡುವೆ ತೂರಿಸಿ, ಗರಗಸದಂತೆ ಇಬ್ಬರು ಎಳೆದರೆ ಫೋಮ್ ಬೆಣ್ಣೆಯಂತೆ ಕತ್ತರಿಸುತ್ತ ಬರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಬಣ್ಣ ಹೋಗುತ್ತದೆ, ತಗಡು ನೆಗ್ಗುತ್ತದೆ.

ಎಡಬದಿಯ ಹಿಂಬಾಗಿಲಿನಲ್ಲಿ ದಾರ ಸಿಕ್ಕಿಹಾಕಿಕೊಂಡಿತು. ನೋಡಿದರೆ ಪಟ್ಟಿಯ ಮೂಲಕವೇ ಮೂರು ಸ್ಕ್ರೂ! ಹಿಂದೊಮ್ಮೆ ಅದು ಬಿಟ್ಟುಕೊಂಡಾಗ ಕೆಳಗಿನ ಊರಿನ ಯಾವುದೋ ವರ್ಕ್‌ಶಾಪಿನಲ್ಲಿ ತಗಡಿಗೆ ತೂತು ಕೊರೆದು ಸ್ಕ್ರೂ ಹೊಡೆದು, ತಲೆಗೆ ಕಪ್ಪು ಬಣ್ಣ ಬಳಿದು ಕಳಿಸಿದ್ದರು. ಹತ್ತು ನಿಮಿಷದ ಕೆಲಸಕ್ಕೆ ಬಾಗಿಲನ್ನೇ ಬಲಿ ಕೊಟ್ಟಂತೆ. ಬಣ್ಣ ಇರುವವರೆಗೆ ತಗಡಿಗೆ ಗಾಳಿ ನೀರು ತಾಕುವುದಿಲ್ಲ, ಕೊರೆದ ತೂತಿನ ಅಂಚಿಗೆ ಬಣ್ಣ ಎಲ್ಲಿಂದ ಬರಬೇಕು? ಮಳೆಯ ನೀರು ಪಟ್ಟಿಯ ಹಿಂದೆ ಇಳಿದು, ಮಣ್ಣಿನ ಜೊತೆ ಅಲ್ಲೇ ನಿಂತು, ತೂತಿನೊಳಗೆ ಹೋಗಿತ್ತು. ಮೂರೂ ತೂತಿನ ಸುತ್ತ ಎಂಟಾಣೆ ನಾಣ್ಯದಷ್ಟು ಅಗಲ ತುಕ್ಕು.

ಬಾಗಿಲನ್ನು ಬೆರಳಿನಿಂದ ತಟ್ಟಿದಾಗ ಒಳಗೆ ನೀರು ಅಲುಗಿದ ಸದ್ದು. ಇದನ್ನು ದಯವಿಟ್ಟು ನಿಮ್ಮ ಮನೆಯ ಗಾಡಿಯಲ್ಲೂ ನೋಡಿಕೊಳ್ಳಿ. ಗಾಜಿನ ಪಕ್ಕದಿಂದ ಮಳೆನೀರು ಬಾಗಿಲಿನೊಳಗೆ ಇಳಿಯುವುದು ಸಹಜ, ಎಲ್ಲ ಕಾರಿನಲ್ಲೂ ಇಳಿಯುತ್ತದೆ. ಅದು ಹೊರಗೆ ಹೋಗಲೆಂದೇ ಬಾಗಿಲಿನ ತಳದಲ್ಲಿ ಸಣ್ಣ ಕಿಂಡಿಗಳಿರುತ್ತವೆ. ಮಣ್ಣು, ಎಲೆ ತುಂಬಿ ಅವು ಮುಚ್ಚಿಕೊಂಡರೆ ಬಾಗಿಲು ಬಕೆಟ್ ಆಗುತ್ತದೆ, ಒಳಗಿನಿಂದ ಕೊಳೆಯುತ್ತದೆ. ಮುರಿದ ಕೊಡೆಯ ಕಡ್ಡಿಯಿಂದ ಕಿಂಡಿ ಬಿಡಿಸಿದೆವು. ಕಾಫಿ ಬಣ್ಣದ ನೀರು ಒಂದು ಚೊಂಬಿನಷ್ಟು ಸುರಿಯಿತು. ನೋಡಲು ಸೇರಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ಸಮಾಧಾನವೆಂದರೆ ತಳದ ಅಂಚು ಇನ್ನೂ ಗಟ್ಟಿಯಾಗಿತ್ತು. ಇನ್ನೆರಡು ಮಳೆಗಾಲ ಕಳೆದಿದ್ದರೆ ಬಂಧುಗಳ ಮಾತೇ ನಿಜವಾಗುತ್ತಿತ್ತು.

ಪಟ್ಟಿ ಹೋದ ಮೇಲೆ ಉಳಿಯುವ ಅಂಟು ಇದೆಯಲ್ಲ, ಅದು ಪೂರ್ತಿ ಒಂದು ಭಾನುವಾರ ತಿಂದಿತು. ಬ್ಲೇಡು ಬೇಡ. ಹೆಬ್ಬೆರಳಿನಿಂದ ಉಜ್ಜಿ ಉಂಡೆ ಕಟ್ಟಿ ತೆಗೆಯಬೇಕು, ಬರದ ಕಡೆ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ. ಒಲೆ ಆರಿಸಿ, ಮಕ್ಕಳನ್ನು ದೂರ ಕಳಿಸಿ. ಸೀಮೆಎಣ್ಣೆಯ ಜಿಡ್ಡು ಹೋಗಲು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಎರಡು ಸಲ ತೊಳೆದೆವು.

ತೊಳೆದು ಒರೆಸಿದಾಗ ಎಲ್ಲರೂ ಸುಮ್ಮನಾದೆವು. ಕಾರು ನಮಗೆ ತಿಳಿದಂತೆ ಮಾಸಲು ಗುಲಾಬಿ. ಪಟ್ಟಿ ಇದ್ದ ಜಾಗದಲ್ಲಿ ಮಾತ್ರ ಅಂಗೈ ಅರ್ಧದಷ್ಟು ಅಗಲಕ್ಕೆ, ಮುಂದಿನಿಂದ ಹಿಂದಿನವರೆಗೆ, ಕಡು ಕೆಂಪು. ಇಪ್ಪತ್ತು ವರ್ಷ ಬಿಸಿಲೇ ಕಾಣದ ಬಣ್ಣ. ಕೆಂಪು ಬಣ್ಣಕ್ಕೆ ಬಿಸಿಲು ಹೆಚ್ಚು ಹಗೆ ಎಂದು ಚಾಮರಾಜನಗರದವನು ಹೇಳುತ್ತಿದ್ದ, ಕೇಳಿಸಿಕೊಳ್ಳುವವರಿರಲಿಲ್ಲ. ಟೀಚರಮ್ಮ ಕಾಫಿ ತಟ್ಟೆ ಹಿಡಿದು ಬಂದವರು ತಟ್ಟೆಯನ್ನು ಬಾನೆಟ್ಟಿನ ಮೇಲೆ ಇಟ್ಟು, ಬಗ್ಗಿ ಆ ಕೆಂಪನ್ನು ಮುಟ್ಟಿ ನೋಡಿದರು. "ಇದೇ ಬಣ್ಣ. ಕೊಯಮತ್ತೂರಿಂದ ತರುವಾಗ ಇದೇ ಬಣ್ಣ ಇತ್ತು" ಎಂದರು. ಆಮೇಲೆ ಒಳಗೆ ಹೋಗಿಬಿಟ್ಟರು.

ನಮ್ಮಲ್ಲಿ ಜಗಳ ಶುರುವಾದದ್ದು ಆಗ. ಹೊಸ ಪಟ್ಟಿ ಬೇಡ, ಆ ಕೆಂಪು ಗೆರೆ ಕಾಣುವ ಹಾಗೆ ಬಿಟ್ಟುಬಿಡೋಣ ಎಂದಿತು ಒಂದು ಗುಂಪು. ಪಟ್ಟಿ ಇಲ್ಲದೆಯೂ ಕಾರು ಓಡುತ್ತದೆ, ನಿಜ. ಆದರೆ ಅದು ಬರೀ ಅಲಂಕಾರಕ್ಕೆ ಇರುವುದಲ್ಲ. ಸಂತೆ ಬೀದಿಯಲ್ಲಿ ಪಕ್ಕದ ಗಾಡಿಯ ಬಾಗಿಲು ತೆರೆದು ಬಡಿದರೆ, ಲಂಟಾನ ಕಡ್ಡಿ ಗೀರಿದರೆ, ಮೊದಲ ಏಟು ತಿನ್ನುವುದು ಅದೇ. ಪೂರ್ತಿ ಕಾರಿಗೆ ಹೊಸ ಬಣ್ಣ ಹೊಡೆಸೋಣ ಎಂದಿತು ಇನ್ನೊಂದು ಗುಂಪು, ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರ ಇರಲಿಲ್ಲ. ಕೊನೆಗೆ ಕಾರು ಯಾರದೋ ಅವರನ್ನೇ ಕೇಳಿದೆವು. ಟೀಚರಮ್ಮ ಯೋಚಿಸಲಿಲ್ಲ. "ಮುಚ್ಚಿ. ಮುಚ್ಚಿದರೇ ಅದು ಉಳಿಯೋದು" ಎಂದರು.

ಸ್ಕ್ರೂ ತೂತುಗಳ ಕೆಲಸ ಮುಂದಿನ ವಾರ. ಮರಳು ಕಾಗದದಿಂದ ಹೊಳೆಯುವ ತಗಡು ಕಾಣುವವರೆಗೆ ಉಜ್ಜಿದೆವು. ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಇರುವ ದ್ರಾವಣ ಹಚ್ಚಿದರೆ ತುಕ್ಕು ಕಬ್ಬಿಣದ ಫಾಸ್ಫೇಟ್ ಆಗಿ ಕಪ್ಪಗೆ ಗಟ್ಟಿಯಾಗುತ್ತದೆ (ಹತ್ತನೇ ತರಗತಿಯವರೇ, ನಿಮ್ಮ ರಸಾಯನಶಾಸ್ತ್ರ ಎಲ್ಲಿಗೆ ಬರುತ್ತದೆ ನೋಡಿ, ಕೈಗವಸು ಮಾತ್ರ ಮರೆಯಬೇಡಿ). ಆಮೇಲೆ ಪುಟ್ಟಿ, ಪ್ರೈಮರ್, ತೆಳುವಾಗಿ ಎರಡು ಕೋಟ್ ಕೆಂಪು ಬಣ್ಣ. ಅದರ ಮೇಲೆ ಮರುದಿನವೇ ಪಟ್ಟಿ ಅಂಟಿಸುವಂತಿಲ್ಲ. ಹೊಸ ಬಣ್ಣದಿಂದ ಥಿನ್ನರ್ ಆವಿಯಾಗುತ್ತಲೇ ಇರುತ್ತದೆ, ಅಂಟು ಹಿಡಿಯುವುದಿಲ್ಲ. ಐದು ವಾರದಲ್ಲಿ ಎರಡು ವಾರ ಹೀಗೆ ಸುಮ್ಮನೆ ಕಾದದ್ದು.

ಹೊಸ ಪಟ್ಟಿ ಬಂದದ್ದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ. ಮಾರುತಿ 800 ತಯಾರಿಕೆ 2014ರ ಜನವರಿಯಲ್ಲೇ ನಿಂತಿತು. 1983ರ ಡಿಸೆಂಬರಿನಲ್ಲಿ ಶುರುವಾದ ಕಾರು, ಮೂವತ್ತು ವರ್ಷ ನಡೆಯಿತು. ಹಾಗಾಗಿ ಕಂಪನಿಯ ಪಟ್ಟಿಗಾಗಿ ಓಡಾಡಲಿಲ್ಲ. ಅಷ್ಟೇ ಅಗಲದ, ಉದ್ದಕ್ಕೆ ಕತ್ತರಿಸಿಕೊಳ್ಳುವ ಪಟ್ಟಿಯನ್ನು ಅಲ್ಲಿ ಕೆಲಸದಲ್ಲಿರುವ ನಮ್ಮ ಗೆಳತಿ ಹುಡುಕಿ ಬಸ್ಸಿನಲ್ಲಿ ಕಳಿಸಿದಳು. ಅದರ ಜೊತೆ ಬಂದಿದ್ದ ತೆಳು ಟೇಪನ್ನು ಕಿತ್ತು ಒಳ್ಳೆಯ ಅಕ್ರಿಲಿಕ್ ಫೋಮ್ ಟೇಪ್ ಹಾಕಿದೆವು. ಎಲ್ಲಿ ಬೇಕಾದರೂ ಉಳಿಸಿ, ಟೇಪಿನಲ್ಲಿ ಉಳಿಸಬೇಡಿ.

ಸಂದಿನ ಮಾತು ಹೇಳುತ್ತೇವೆ ಎಂದಿದ್ದೆವಲ್ಲ. ಬಾಗಿಲು ತೆರೆಯುವಾಗ ಅದರ ಕೀಲಿನ ಕಡೆಯ ಅಂಚು ಒಳಕ್ಕೆ ತಿರುಗುತ್ತದೆ. ಪಟ್ಟಿಯನ್ನು ಆ ಅಂಚಿನವರೆಗೆ ಎಳೆದು ಅಂಟಿಸಿದರೆ ಬಾಗಿಲು ತೆರೆದ ಮೊದಲ ಸಲವೇ ಮಡ್‌ಗಾರ್ಡಿಗೆ ತಾಗಿ ಕಿತ್ತು ಬರುತ್ತದೆ. ಆದ್ದರಿಂದ ತುಂಡುಗಳನ್ನು ಕತ್ತರಿಸಿ ಮೊದಲು ಪೇಪರ್ ಟೇಪಿನಿಂದ ನಿಲ್ಲಿಸಿ, ನಾಲ್ಕೂ ಬಾಗಿಲು ತೆರೆದು ಮುಚ್ಚಿ ನೋಡಿ, ತುದಿಗಳನ್ನು ಓರೆಯಾಗಿ ತೀಡಿದೆವು.

ಅಂಟಿಸುವ ದಿನ ನಮ್ಮ ಬೆಟ್ಟದ ಚಳಿಯೇ ದೊಡ್ಡ ತೊಂದರೆ. ಈ ಟೇಪಿಗೆ 21 ರಿಂದ 38 ಡಿಗ್ರಿ ಒಳಗೆ ಇದ್ದರೆ ಒಳ್ಳೆಯದು, ತಣ್ಣಗಿನ ತಗಡಿನ ಮೇಲೆ ಅಂಟು ಗಟ್ಟಿಯಾಗಿ ಇದ್ದುಬಿಡುತ್ತದೆ, ಹರಡಿ ಹಿಡಿಯುವುದಿಲ್ಲ. ದಿಂಬಂ ಸಾವಿರ ಮೀಟರಿಗೂ ಮೇಲಿದೆ. ಬೆಳಿಗ್ಗೆ ಎಂಟಕ್ಕೆ ಥರ್ಮಾಮೀಟರ್ 16 ತೋರಿಸಿತು, ಕಾರಿನ ಮೇಲೆ ಇಬ್ಬನಿ ಇನ್ನೂ ಇತ್ತು. ಕಾರನ್ನು ಬಿಸಿಲಿಗೆ ತಿರುಗಿಸಿ ನಿಲ್ಲಿಸಿ, ಹನ್ನೊಂದೂವರೆಯವರೆಗೆ ಕಾದೆವು. ಇಡ್ಲಿ ಖಾಲಿಯಾದವು. ತಗಡು ಕೈಗೆ ಬೆಚ್ಚಗೆ ತಾಗಿದ ಮೇಲೆ ಸ್ಪಿರಿಟಿನಿಂದ ಒರೆಸಿ, ಮತ್ತೆ ಯಾರೂ ಬೆರಳು ತಾಗಿಸದಂತೆ ಕಾವಲು ಹಾಕಿದೆವು.

ಟೇಪಿನ ಮೇಲಿನ ಕಾಗದವನ್ನು ಪೂರ್ತಿ ಬಿಚ್ಚದೆ ಎರಡೂ ತುದಿಯಲ್ಲಿ ಎರಡು ಅಂಗುಲ ಮಾತ್ರ ಬಿಡಿಸಿ ಹೊರಕ್ಕೆ ಮಡಚಿಟ್ಟುಕೊಂಡೆವು. ಮೊದಲೇ ಅಂಟಿಸಿದ್ದ ಗೆರೆಗೆ ಪಟ್ಟಿ ಹೊಂದಿಸಿ, ತುದಿ ತಾಗಿಸಿ, ದೂರ ನಿಂತು ನೋಡಿ, ಸರಿ ಎಂದ ಮೇಲೆ ಕಾಗದವನ್ನು ಮೆಲ್ಲಗೆ ಎಳೆಯುತ್ತ ಒತ್ತುತ್ತ ಹೋದೆವು. ಈ ಅಂಟು ಕೆಲಸ ಮಾಡುವುದು ಒತ್ತಡದಿಂದ. ಬಟ್ಟೆ ಸುತ್ತಿದ ಚಪಾತಿ ಲಟ್ಟಣಿಗೆಯಿಂದ ಟೀಚರಮ್ಮನೇ ಒತ್ತಿ ಉರುಳಿಸಿದರು. ಇಪ್ಪತ್ತು ನಿಮಿಷದಲ್ಲಿ ಅರ್ಧ ಶಕ್ತಿ, ಒಂದು ದಿನದಲ್ಲಿ ನೂರಕ್ಕೆ ತೊಂಬತ್ತು, ಪೂರ್ತಿ ಹಿಡಿಯಲು ಮೂರು ದಿನ, ಅದೂ ಹದವಾದ ಬಿಸಿಯಲ್ಲಿ. ಮೂರು ದಿನ ಕಾರು ತೊಳೆಯಬೇಡಿ ಎಂದೆವು. "ಇಪ್ಪತ್ತು ವರ್ಷದಿಂದ ನಾನು ತೊಳೆದದ್ದೇ ಎಷ್ಟು ಸಲ" ಎಂದರು.

ಮಾರ್ಚಿನ ಮೊದಲ ವಾರ ಕಾರು ಘಾಟಿ ಇಳಿಯಿತು. ನಮ್ಮಲ್ಲಿ ಇಬ್ಬರು ಬೈಕಿನಲ್ಲಿ ಹಿಂದೆಯೇ ಹೋದೆವು, ಪಟ್ಟಿ ನೋಡಲು. 27 ತಿರುವಿನಲ್ಲೂ ಒಂದು ಕೂದಲಷ್ಟೂ ಅಲುಗಲಿಲ್ಲ. ಇನ್‌ಸ್ಪೆಕ್ಟರು ಲೈಟು, ಬ್ರೇಕು, ಟಯರು ನೋಡಿದರು, ಬಾಗಿಲಿನ ತಳಕ್ಕೆ ಬಗ್ಗಿ ಕೈಯಾಡಿಸಿದರು, ಪಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ನವೀಕರಣ 2028ರವರೆಗೆ ಆಗಿದೆ.

ಉಳಿದ ಪಟ್ಟಿ ಒಂದೂವರೆ ಅಡಿ ಇದೆ, ಟೇಪ್ ಅರ್ಧ ಸುರುಳಿ. ಎರಡೂ ಯುವಜನರ ಕೋಣೆಯ ಬೀರುವಿನಲ್ಲಿವೆ. ಬೇಕಾದವರು ಕೇಳಿ ತೆಗೆದುಕೊಳ್ಳಿ, ಆದರೆ ಲಟ್ಟಣಿಗೆ ನಿಮ್ಮದೇ ತನ್ನಿ.