ಗಣಿತಕ್ಕೊಂದು ವ್ಯಾಸಪೀಠ

ಗಾಂಧಿಬಜಾರಿನ ಗ್ರಂಧಿಗೆ ಅಂಗಡಿಯಲ್ಲಿ ಕರ್ಪೂರ ಕೊಳ್ಳಲು ನಿಂತಿದ್ದೆ. ನನಗಿಂತ ಮುಂದೆ ಒಬ್ಬ ತಾಯಿ, ಪಕ್ಕದಲ್ಲಿ ಯೂನಿಫಾರಮ್ಮಿನಲ್ಲಿದ್ದ ಮಗಳು.

"ವ್ಯಾಸಪೀಠ ಇದೆಯಾ?" ಎಂದು ಆಕೆ ಕೇಳಿದರು.

"ಇದೆಯಮ್ಮ. ಗೀತೆ ಇಡೋಕಾ, ಭಾಗವತ ಇಡೋಕಾ? ಸೈಜು ಬೇರೆ ಬೇರೆ."

"ಮ್ಯಾಥ್ಸ್ ಇಡೋಕೆ."

ಅಂಗಡಿಯವರು ಕನ್ನಡಕ ಸರಿಮಾಡಿಕೊಂಡರು. ಮಗಳಿಗೆ ಯಾವಾಗಲೂ ಕತ್ತು ನೋವು, ಬೆನ್ನು ನೋವು. ಪುಸ್ತಕವನ್ನು ಟೇಬಲ್ಲಿನ ಮೇಲೆ ಚಪ್ಪಟೆಯಾಗಿ ಇಡದೆ ಇಳಿಜಾರಾಗಿ ಎತ್ತಿಟ್ಟು ಓದಿಸಿ ಎಂದು ಫಿಸಿಯೋಥೆರಪಿಯವರು ಹೇಳಿದ್ದಾರೆ. ಅದಕ್ಕೆಂದೇ ಮಾಡಿದ ಸ್ಟ್ಯಾಂಡಿಗೆ ಆನ್‌ಲೈನಿನಲ್ಲಿ ಬಾಯಿಗೆ ಬಂದ ಬೆಲೆ. ಹೀಗೆ ಕಥೆ ಬಿಚ್ಚಿಕೊಂಡಿತು. ಅಂಗಡಿಯವರು ಮೇಲಿನ ಗೂಡಿನಿಂದ ಎರಡು ಮೂರು ಪೀಠ ಇಳಿಸಿ, ಧೂಳು ಹೊಡೆದು, ಹುಡುಗಿಯ ಬ್ಯಾಗಿನಿಂದ ಗಣಿತದ ಪುಸ್ತಕ ತೆಗೆಸಿ ಇಟ್ಟು ನೋಡಿದರು. ಭಾಗವತದ ಸೈಜೇ ಸರಿಹೋಯಿತು.

ಅವರಿಗೆ ಅದೊಂದು ತಮಾಷೆಯ ವ್ಯಾಪಾರ. ನನಗೆ ಮಾತ್ರ, ಆ ಫಿಸಿಯೋಥೆರಪಿಯವರು ಯಾರೋ ಏನೋ, ಎಂದೋ ತೀರಿಕೊಂಡ ನಮ್ಮ ತಾತನ ಕಡೆಗೆ ತೀರ್ಪು ಕೊಟ್ಟರು ಅನ್ನಿಸಿತು.

ಅರಕಲಗೂಡಿನ ಕಡೆ ನಮ್ಮೂರು. ಶ್ರಾವಣ ಬಂತೆಂದರೆ ಮನೆಯ ಹಜಾರದಲ್ಲಿ ಗಮಕ. ಒಂದು ವರ್ಷ ಕುಮಾರವ್ಯಾಸ, ಒಂದು ವರ್ಷ ಜೈಮಿನಿ. ತಾತ ಎಪ್ಪತ್ತು ದಾಟಿದವರು. ರಾತ್ರಿ ಊಟ ಮುಗಿಸಿ ಮಣೆಯ ಮೇಲೆ ಕೂತು, ಮುಂದೆ ಹಲಸಿನ ಮರದ ವ್ಯಾಸಪೀಠ ಬಿಡಿಸಿಕೊಂಡರೆ ಏಳುವಾಗ ಹತ್ತೂವರೆ, ಹನ್ನೊಂದು. ಮಾರನೆಯ ಬೆಳಿಗ್ಗೆ ಸೊಂಟ ಹಿಡಿಯಿತು ಎಂದದ್ದನ್ನು ನಾನು ಕೇಳಿದ್ದಿಲ್ಲ. ಅದೇ ಹಜಾರದ ಮೂಲೆಯಲ್ಲಿ ನಾವು ಮಕ್ಕಳು ನೆಲದ ಮೇಲೆ ಪುಸ್ತಕ ಹರಡಿಕೊಂಡು, ಮೂಗು ಕಾಗದಕ್ಕೆ ತಾಗುವ ಹಾಗೆ ಬಗ್ಗಿ ಕಾಪಿ ಬರೆಯುತ್ತಿದ್ದೆವು. "ಮಂಥರೆ ಹಾಗೆ ಕೂರಬೇಡ್ರೋ, ಬೆನ್ನು ಗೂನಾದೀತು" ಎಂದು ಅಜ್ಜಿ ಒಳಗಿಂದಲೇ ಕೂಗುತ್ತಿದ್ದರು. ನೆಟ್ಟಗಾಗುತ್ತಿದ್ದೆವು. ಎರಡು ಸಾಲು ಬರೆಯುವಷ್ಟರಲ್ಲಿ ಮತ್ತೆ ಮಂಥರೆ.

ಆ ಪೀಠವನ್ನು ಮಾಡಿದ ಬಡಗಿಯನ್ನು ನಾನು ಕಂಡವನಲ್ಲ, ಆದರೆ ಅವನ ಕೆಲಸವನ್ನು ಮಡಿಸಿ ಬಿಡಿಸಿ ಮಡಿಸಿ ಬೈಸಿಕೊಂಡಿದ್ದೇನೆ. ಅದು ಒಂದೇ ಹಲಗೆ. ಹಲಗೆಯ ದಪ್ಪವನ್ನೇ ಎರಡೂ ತುದಿಗಳಿಂದ ಸೀಳಿಕೊಂಡು ಬಂದು, ನಡುವೆ ಸ್ವಲ್ಪ ಉಳಿದಾಗ ಗರಗಸ ಕೆಳಗಿಟ್ಟು ಉಳಿ ಹಿಡಿದು, ಒಂದರೊಳಗೊಂದು ಹೆಣೆದ ಕೀಲನ್ನು ಮರದಲ್ಲೇ ಕಡೆಯುತ್ತಾರೆ. ಮೊಳೆ ಇಲ್ಲ, ಅಂಟಿಲ್ಲ, ಬೇರೆ ತುಂಡು ತಂದು ಸೇರಿಸಿದ್ದೂ ಇಲ್ಲ. ಬಿಡಿಸಿದರೆ ಪುಸ್ತಕಕ್ಕೆ ಎರಡು ಇಳಿಜಾರು, ಮಡಿಸಿದರೆ ಮತ್ತೆ ಹಲಗೆ. ಹಿಂದಿನ ಬೀದಿಯ ಮೌಲ್ವಿಗಳ ಮನೆಯಲ್ಲಿ ಇದೇ ಕೀಲಿನ ರೆಹಲ್ ಮೇಲೆ ಕುರಾನ್ ಇರುತ್ತಿತ್ತು. ಅವರದಕ್ಕೆ ಬಳ್ಳಿ ಕೆತ್ತನೆ, ನಮ್ಮದು ಬೋಳು. ಅವರಲ್ಲಿಯೂ ನಮ್ಮಲ್ಲಿಯೂ ಕಾರಣ ಒಂದೇ: ದೊಡ್ಡ ಗ್ರಂಥ ನೆಲಕ್ಕೆ ತಾಗಬಾರದು. ಬೆನ್ನಿನ ಚಿಂತೆ ಯಾರಿಗೂ ಇರಲಿಲ್ಲ. ಭಕ್ತಿಯಿಂದ ಎತ್ತಿಟ್ಟದ್ದು ಕತ್ತಿಗೂ ಉಪಕಾರವಾಯಿತು, ಅಷ್ಟೆ. ನಮ್ಮ ಕನ್ನಡ ಪಾಠಮಾಲೆ, ಅಂಕಗಣಿತಗಳು ಆ ಮಟ್ಟದ ಗ್ರಂಥಗಳಲ್ಲವಾದ್ದರಿಂದ ಅವು ನೆಲದಲ್ಲೇ ಉಳಿದವು, ನಾವೂ ಅವುಗಳ ಹಿಂದೆ ನೆಲಕ್ಕೆ ಇಳಿದೆವು.

ಉಪಕಾರ ಎಷ್ಟು ಎಂಬುದಕ್ಕೆ ಲೆಕ್ಕ ಸಿಗುತ್ತದೆ. ಮನುಷ್ಯನ ತಲೆ ಸುಮಾರು 5 ಕಿಲೋ. ನ್ಯೂಯಾರ್ಕಿನ ಬೆನ್ನುಮೂಳೆಯ ಸರ್ಜನ್ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿಯೊಂದನ್ನು ಮಾಡಿ ನೋಡಿದರು. ತಲೆ 15 ಡಿಗ್ರಿ ಮುಂದಕ್ಕೆ ಬಾಗಿದರೆ ಕತ್ತಿನ ಮೇಲೆ 12 ಕಿಲೋ, 60 ಡಿಗ್ರಿ ಬಾಗಿದರೆ 27 ಕಿಲೋ ಭಾರ ಬೀಳುತ್ತದೆ ಎಂದು ಅದು ಹೇಳಿತು. ಮಾದರಿಯನ್ನು ಪೂರ್ತಿ ಒಪ್ಪದವರಿದ್ದಾರೆ. ಅರ್ಧಕ್ಕೆ ಇಳಿಸಿಕೊಂಡರೂ ನನ್ನ ವಾದಕ್ಕೆ ನಷ್ಟವಿಲ್ಲ. ಕಿರಾಣಿ ಅಂಗಡಿಯ ಸೋನಾಮಸೂರಿ ಮೂಟೆ 25 ಕಿಲೋ ಇರುತ್ತದೆ. ಅದನ್ನು ಎಂಟನೇ ಕ್ಲಾಸಿನ ಹುಡುಗಿಯ ಕತ್ತಿಗೆ ನೇತುಹಾಕಿ, ಈಗ ಬೀಜಗಣಿತ ಮಾಡು ಎಂದು ಯಾರೂ ಹೇಳಲಾರರು. ಪುಸ್ತಕ ಎದ್ದುಬಂದರೆ ತಲೆ ಇಳಿಯಬೇಕಾಗಿಲ್ಲ. ಮಣೆಯ ಮಾತೂ ಹಾಗೆಯೇ. ಬರಿ ನೆಲದಲ್ಲಿ ಚಕ್ಕಂಬಕ್ಕಳ ಹಾಕಿದರೆ ಮೊಣಕಾಲು ಮೇಲೆ, ಸೊಂಟ ಕೆಳಗೆ, ಬೆನ್ನಿನ ಕೆಳಭಾಗ ಹಿಂದಕ್ಕೆ ಉಬ್ಬುತ್ತದೆ. ನಾಲ್ಕು ಬೆರಳು ಎತ್ತರದ ಮಣೆ ಸೊಂಟವನ್ನು ಎತ್ತಿಕೊಟ್ಟರೆ ಬೆನ್ನು ತಾನೇ ತನ್ನ ಬಾಗು ಹುಡುಕಿಕೊಳ್ಳುತ್ತದೆ. ತಾತ ಮಡಿಗೆಂದು ಮಣೆ ಹಾಕಿಕೊಳ್ಳುತ್ತಿದ್ದದ್ದು.

ಅದಕ್ಕೂ ಹಿಂದಿನವರು ಇನ್ನೂ ಜಾಣರು. ತಾಳೆಗರಿಯಲ್ಲಿ ಬರೆಯುವವರು ಗರಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಒಂದು ಮೊಣಕಾಲು ಮೇಲಕ್ಕೆ ಮಡಿಸಿ ಅದಕ್ಕೆ ಕೈ ಒರಗಿಸಿ, ಬಲಗೈಯಲ್ಲಿ ಬರೆಯುವ ಕಂಠ ಆಡಿಸುತ್ತಿದ್ದರು. ಅಲ್ಲಿ ಮೇಜಿನ ಪ್ರಶ್ನೆಯೇ ಇಲ್ಲ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಹತ್ತು ಪರ್ವ ಬರೆದ ಕುಮಾರವ್ಯಾಸನಿಗೆ ಬೆನ್ನು ನೋವು ಬಂದಿರಲಿಕ್ಕಿಲ್ಲ ಎಂದು ನಾನು ಪಕ್ಷಪಾತದಿಂದಲೇ ನಂಬಿದ್ದೇನೆ.

ತಾತನ ಗುಟ್ಟು ಪೀಠದಲ್ಲಿ ಮಾತ್ರ ಇರಲಿಲ್ಲ. ಗಮಕದಲ್ಲಿ ವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು. ಹೊಸಹಳ್ಳಿಯ ಕೇಶವಮೂರ್ತಿಗಳು ಹಾಡಿ ಮತ್ತೂರು ಕೃಷ್ಣಮೂರ್ತಿಗಳು ಅರ್ಥ ಹೇಳಿದ್ದನ್ನು ಕೇಳಿದವರಿಗೆ ಈ ಏರ್ಪಾಟಿನ ಸೊಗಸು ಗೊತ್ತು. ನಮ್ಮೂರಲ್ಲಿ ವ್ಯಾಖ್ಯಾನಕ್ಕೆ ಸ್ಕೂಲಿನ ಮೇಷ್ಟ್ರು. ತಾತ ನಾಲ್ಕು ಪದ್ಯ ಓದಿ ನಿಲ್ಲಿಸಿದರೆ ಮೇಷ್ಟ್ರು ಕರ್ಣನಿಂದ ಹೊರಟು, ದಾನದ ಮಹಿಮೆಗೆ ಹೋಗಿ, ಸೊಸೈಟಿಯಲ್ಲಿ ಸಕ್ಕರೆ ಕೊಡದ ವಿಚಾರಕ್ಕೆ ಬಂದು, ಅಲ್ಲಿಂದ ಕುರುಕ್ಷೇತ್ರಕ್ಕೆ ವಾಪಸಾಗಲು ಕಾಲು ಗಂಟೆಯಾದರೂ ಬೇಕು. ಅಷ್ಟು ಹೊತ್ತೂ ತಾತ ಏನು ಮಾಡುತ್ತಿದ್ದರು? ಕಂಬಕ್ಕೆ ಒರಗುತ್ತಿದ್ದರು. ಒಂದು ಕಾಲು ಚಾಚುತ್ತಿದ್ದರು. ಎಲೆಅಡಿಕೆ ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಮಡಿಸಿ ಬಾಯಿಗಿಟ್ಟು, ಸ್ವಲ್ಪ ಹೊತ್ತಿಗೆ ಎದ್ದು ಜಗಲಿಯ ತುದಿಗೆ ಹೋಗಿ ಉಗಿದು, ಆಕಾಶ ನೋಡಿ ಮಳೆಯ ಅಂದಾಜು ಹಾಕಿ ಬರುತ್ತಿದ್ದರು. ಮೇಷ್ಟ್ರು ಅರ್ಥ ಮುಗಿಸಿ ಕೆಮ್ಮುವಾಗ ತಾತ ಮತ್ತೆ ಮಣೆಯ ಮೇಲೆ. ಮೂರು ಗಂಟೆ ಕೂತರು ಎಂದು ನಾವು ತಿಳಿದದ್ದು ಕಾಲು ಕಾಲು ಗಂಟೆಯ ಕಂತುಗಳಲ್ಲಿ. ಇವತ್ತಿನ ಫಿಸಿಯೋಥೆರಪಿಯವರು ಮಕ್ಕಳಿಗೆ, ಅರ್ಧ ಗಂಟೆಗೊಮ್ಮೆ ಏಳು, ಕೈಕಾಲು ಚಾಚು, ನೀರು ಕುಡಿದು ಬಾ ಎಂದು ಮೊಬೈಲಿನಲ್ಲಿ ಅಲಾರಂ ಇಡಿಸುತ್ತಾರೆ. ತಾತನಿಗೆ ಅಲಾರಂ ಆಗಿ ಒಬ್ಬ ಮೇಷ್ಟ್ರೇ ಇದ್ದರು.

ನೆಟ್ಟಗೆ ಕೂರಿಸಲು ಬೇರೆ ಕಡೆಯವರು ಪಟ್ಟ ಪಾಡನ್ನು ಓದಿದಾಗ ಅಜ್ಜಿಯ ಕೂಗು ಎಷ್ಟು ಸೌಮ್ಯ ಅನ್ನಿಸುತ್ತದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮೋರಿಟ್ಸ್ ಶ್ರೇಬರ್ ಎಂಬ ಡಾಕ್ಟರಿದ್ದರು. ಮಕ್ಕಳ ಬೆನ್ನು ಬಾಗುವುದನ್ನು ಕಂಡರೆ ಅವರಿಗೆ ನಿದ್ದೆ ಬಾರದು. 1858ರ ತಮ್ಮ ಪುಸ್ತಕದಲ್ಲಿ ಒಂದು ಉಪಕರಣದ ಚಿತ್ರ ಕೊಟ್ಟರು. ಮೇಜಿನ ಅಂಚಿಗೆ ಬಿಗಿದ ಕಬ್ಬಿಣದ ಕಂಬಿ. ಬರೆಯುವ ಮಗು ಮುಂದಕ್ಕೆ ಬಾಗಿದರೆ ಅಡ್ಡಪಟ್ಟಿ ಎದೆಯ ಮೇಲ್ಭಾಗಕ್ಕೆ ಒತ್ತುತ್ತದೆ. ನೋವಾಗಿ ಮಗು ತಾನೇ ನೆಟ್ಟಗಾಗಬೇಕು. ಇವರ ಮಗ ಡೇನಿಯಲ್ ಪಾಲ್ ಶ್ರೇಬರ್ ದೊಡ್ಡ ನ್ಯಾಯಾಧೀಶನಾದ, ಬುದ್ಧಿಭ್ರಮಣೆಯಾಗಿ ಆಸ್ಪತ್ರೆ ಸೇರಿದ, ತನ್ನ ಕಾಯಿಲೆಯ ಕಥೆಯನ್ನು ತಾನೇ ಬರೆದು 1903ರಲ್ಲಿ ಅಚ್ಚು ಹಾಕಿಸಿದ. ಅದನ್ನು ಓದಿದ ಫ್ರಾಯ್ಡ್, ಆ ಮನುಷ್ಯನ ಮುಖವನ್ನೂ ನೋಡದೆ, 1911ರಲ್ಲಿ ಅವನ ಮನಸ್ಸಿನ ಬಗ್ಗೆ ಉದ್ದನೆಯ ಪ್ರಬಂಧ ಬರೆದರು. ಅಪ್ಪನ ಶಿಸ್ತಿಗೂ ಮಗನ ಕಾಯಿಲೆಗೂ ಗಂಟು ಹಾಕಿದ ಪಂಡಿತರಿದ್ದಾರೆ, ಆ ಗಂಟು ಬಿಚ್ಚಿದವರೂ ಇದ್ದಾರೆ. ನಾನು ಗಂಟು ಹಾಕಿದವರ ಕಡೆ. ಸಾಕ್ಷ್ಯ ಬಲವಾಗಿದೆ ಎಂದಲ್ಲ, ಆ ಚಿತ್ರ ನೋಡಿದ್ದೇನೆ ಎಂದು.

ಕಡೆಗೆ ತಾತನ ಪರವಾಗಿ ಮಾತಾಡಿದವರು ಡೆನ್ಮಾರ್ಕಿನ ಸರ್ಜನ್ ಎ. ಸಿ. ಮ್ಯಾಂಡಲ್. ಶ್ರೇಬರ್ ಹೋಗಿ ನೂರು ವರ್ಷ ಕಳೆದ ಮೇಲೆ ಬಂದವರು. ಮಕ್ಕಳು ಕುರ್ಚಿಯ ಹಿಂದಿನ ಕಾಲು ಎತ್ತಿ ಮುಂದಿನ ಎರಡು ಕಾಲಿನ ಮೇಲೆ ವಾಲಿ ಕೂರುತ್ತಾರಲ್ಲ, ಯಾವ ಸ್ಕೂಲಿನಲ್ಲೂ ಬೈಗುಳಕ್ಕೆ ಅರ್ಹವಾದ ಆ ಭಂಗಿ ಬೆನ್ನಿಗೆ ಹಿತ, ಮಕ್ಕಳು ತಾವಾಗಿ ಕಂಡುಕೊಂಡ ಔಷಧಿ ಅದು ಎಂದರು. ಕೂರುವ ಹಲಗೆ ಸ್ವಲ್ಪ ಮುಂದಕ್ಕೆ ಇಳಿಜಾರಿರಲಿ, ಡೆಸ್ಕು ಎತ್ತರವಿರಲಿ, ಅದರ ಮೇಲ್ಮೈ ಓದುವವರ ಕಡೆಗೆ ವಾಲಿರಲಿ ಎಂದು ವಾದಿಸಿದರು. ಹಳೆಯ ಡೆಸ್ಕುಗಳೆಲ್ಲ ಹಾಗೇ ಇದ್ದವು, ನಾವೇ ಚಪ್ಪಟೆ ಮಾಡಿ ಕೆಟ್ಟೆವು ಎಂಬ ಗೊಣಗಾಟವೂ ಅವರದಿತ್ತು.

ಅದು ನಿಜ. ಹೈಸ್ಕೂಲಿಗೆ ಮೈಸೂರಿಗೆ ಬಂದಾಗ ನಾನು ಕೂತದ್ದು ಅಂಥ ಇಳಿಜಾರು ಡೆಸ್ಕಿನಲ್ಲೇ. ಮೇಲಂಚಿನಲ್ಲಿ ಪೆನ್ನಿಡುವ ಗೀರು, ಮೂಲೆಯಲ್ಲಿ ಮಸಿಕುಡಿಕೆಯ ತೂತು. ಮಸಿಯ ಕಾಲ ಮುಗಿದಿದ್ದರಿಂದ ಆ ತೂತು ಕಡಲೆಕಾಯಿ ಸಿಪ್ಪೆಗೆ ಮೀಸಲು. ನಾನು ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಅವನ್ನೆಲ್ಲ ಹರಾಜು ಹಾಕಿ ಕಬ್ಬಿಣದ ಪೈಪಿನ ಹೊಸ ಡೆಸ್ಕು ತರಿಸಿದರು. ಮೇಲ್ಮೈ ಚಪ್ಪಟೆ, ಹೊಳಪು ಸನ್‌ಮೈಕಾ. ಎಂಟನೇ ಕ್ಲಾಸಿನ ಗಿಡ್ಡರಿಗೂ ಹತ್ತನೆಯ ಲಂಬೂಗಳಿಗೂ ಒಂದೇ ಅಳತೆ. ಗಿಡ್ಡರ ಕಾಲು ನೆಲಕ್ಕೆ ಎಟಕದು, ಲಂಬೂಗಳ ಮೊಣಕಾಲು ಹಲಗೆಗೆ ಬಡಿಯದೆ ಬಿಡದು. ಇಡೀ ಕ್ಲಾಸು ಮಂಥರೆಯಾಯಿತು.

ಡೆಸ್ಕಿನ ಜೊತೆಗೆ ಬೆನ್ನು ಬಗ್ಗಿಸುವ ಇನ್ನೊಂದು ಸ್ಕೂಲ್ ಬ್ಯಾಗು. ಅದರ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಮುಗಿಸುತ್ತೇನೆ. ಅದನ್ನು ದೊಡ್ಡ ಮನೆಯಲ್ಲಿ ಎತ್ತಿದವರು ನಮ್ಮ ಮೈಸೂರಿನವರೇ ಎಂಬ ಹೆಮ್ಮೆಗಾದರೂ ಹೇಳಬೇಕು. ರಾಜ್ಯಸಭೆಗೆ ನಾಮಕರಣಗೊಂಡಿದ್ದ ಆರ್. ಕೆ. ನಾರಾಯಣ್ 1989ರಲ್ಲಿ ತಮ್ಮ ಚೊಚ್ಚಲ ಭಾಷಣವನ್ನು ಮೀಸಲಿಟ್ಟದ್ದು ಮಕ್ಕಳ ಬ್ಯಾಗಿಗೆ, ಅದನ್ನು ಹೊತ್ತು ಮುಂದಕ್ಕೆ ಬಗ್ಗಿಹೋದ ಅವರ ಬೆನ್ನಿಗೆ. ಮಾಲ್ಗುಡಿಯ ಸ್ವಾಮಿಯನ್ನು ಸೃಷ್ಟಿಸಿದವರು ಇನ್ನೇನು ತಾನೇ ಮಾತಾಡಿಯಾರು! ಆ ಬಳಿಕ ಯಶ್‌ಪಾಲ್ ಸಮಿತಿ ಬಂತು, 1993ರಲ್ಲಿ ವರದಿ ಕೊಟ್ಟಿತು. ಹೊರುವ ಭಾರಕ್ಕಿಂತ ಅರ್ಥವಾಗದೆ ಓದುವ ಭಾರ ದೊಡ್ಡದು ಎಂದಿತು. ನಮ್ಮ ಸರ್ಕಾರ 2019ರಲ್ಲಿ ಆದೇಶ ಹೊರಡಿಸಿ, ಒಂದು-ಎರಡನೇ ತರಗತಿಯ ಬ್ಯಾಗು 2 ಕಿಲೋ ಮೀರಬಾರದು, ಹತ್ತನೆಯವರದೂ 5 ಕಿಲೋ ದಾಟಬಾರದು ಎಂದಿತು. 2023ರಲ್ಲಿ ಅದನ್ನೇ ಮತ್ತೆ ನೆನಪಿಸಬೇಕಾಯಿತು. ಎರಡೂ ಹೆಗಲಿಗೆ ಪಟ್ಟಿ ಹಾಕಿ, ಭಾರದ ಪುಸ್ತಕ ಬೆನ್ನಿಗೆ ಅಂಟಿ ಕೂರುವಂತೆ ಒಳಗಿಟ್ಟು, ಬ್ಯಾಗು ಸೊಂಟಕ್ಕಿಂತ ಕೆಳಗೆ ಜೋಲಾಡದಂತೆ ಪಟ್ಟಿ ಬಿಗಿದರೆ ಅರ್ಧ ತೊಂದರೆ ಇಲ್ಲ ಎನ್ನುತ್ತಾರೆ. ಒಂದೇ ಹೆಗಲಿಗೆ ನೇತುಹಾಕಿಕೊಳ್ಳುವುದು ಸ್ಟೈಲು ಎನ್ನುವ ವಯಸ್ಸಿನವರಿಗೆ ಇದನ್ನು ಹೇಳಿ ನೋಡಿ.

ತಾತನ ವ್ಯಾಸಪೀಠ ಮನೆ ಭಾಗವಾದಾಗ ಚಿಕ್ಕಪ್ಪನ ಪಾಲಿಗೆ ಹೋಯಿತು. ಕೇಳಿದ್ದರೆ ನನಗೇ ಕೊಡುತ್ತಿದ್ದರೇನೋ. ತೆಂಗಿನ ತೋಟದ ಹಂಚಿಕೆಯ ಜಗಳದಲ್ಲಿ ಅದು ಯಾರ ನೆನಪಿಗೂ ಬರಲಿಲ್ಲ. ಅಂಗಡಿಯಿಂದ ಬಂದವನೇ ಊರಿಗೆ ಫೋನು ಹಚ್ಚಿದೆ. ಪೀಠ ಇದೆಯಂತೆ, ಕೀಲು ಗಟ್ಟಿಯಾಗಿಯೇ ಇದೆಯಂತೆ. ಚಿಕ್ಕಪ್ಪನ ಮೊಮ್ಮಗ ನೀಟ್ ಪರೀಕ್ಷೆಗೆ ಓದುತ್ತಿದ್ದಾನೆ, ಅದರ ಮೇಲೆ ಟ್ಯಾಬ್ ಇಟ್ಟುಕೊಂಡು ದಿನವಿಡೀ ಕೋಚಿಂಗ್ ವಿಡಿಯೋ ನೋಡುತ್ತಾನಂತೆ.

"ಇಡೀ ದಿನ ಕೂತೇ ಇರ್ತಾನಾ ಚಿಕ್ಕಮ್ಮ? ಮಧ್ಯೆ ಏಳ್ತಾನೋ ಇಲ್ವೋ?" ಎಂದು ಕೇಳಿದೆ. ವಿಡಿಯೋದಲ್ಲಿ ಪದ್ಯವೂ ಕೋಚಿಂಗ್ ಮೇಷ್ಟ್ರದೇ, ಅರ್ಥವೂ ಅವರದೇ. ಒರಗುವುದಕ್ಕೆ ಬಿಡುವೆಲ್ಲಿ ಎಂಬುದು ನನ್ನ ಚಿಂತೆ.

"ಕೂರೋಕೆ ಎಲ್ಲಿ ಆಗತ್ತಪ್ಪ" ಎಂದರು ಚಿಕ್ಕಮ್ಮ. "ಕರೆಂಟು ಬಂದ ತಕ್ಷಣ ಮೋಟರ್ ಹಾಕ್ಬೇಕು, ಟ್ಯಾಂಕ್ ತುಂಬಿದ್ರೆ ಆರಿಸ್ಬೇಕು, ಕರು ಹಗ್ಗ ಬಿಚ್ಕೊಂಡ್ರೆ ಹಿಡಿದು ಕಟ್ಬೇಕು. ನಿಮ್ಮ ಚಿಕ್ಕಪ್ಪನ ಮೊಣಕಾಲು ಕೇಳಲ್ಲ, ನಾನು ಒಲೆ ಬಿಟ್ಟು ಬರೋ ಹಾಗಿಲ್ಲ. ಎಲ್ಲಾದಕ್ಕೂ ಅವನನ್ನೇ ಎಬ್ಬಿಸ್ತೀನಿ. ಓದೋಕೇ ಬಿಡಲ್ಲ ಅಂತ ಅವರಮ್ಮನ ಹತ್ರ ದೂರು ಹೇಳಿದಾನೆ. ನೀನಾದ್ರೂ ಸ್ವಲ್ಪ ಬುದ್ಧಿ ಹೇಳು."

ನಾನು ಹುಡುಗನ ಕೈಗೆ ಫೋನು ಕೊಡಿಸಿಕೊಂಡು, ಅಜ್ಜಿ ಹೇಳಿದ ಹಾಗೆ ಕೇಳಪ್ಪ ಎಂದೆ.