ಅಂಕಗಳ ಹಾರ

ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದು ಬಾಯಲ್ಲಿ ಹೇಳಿದರೆ ಕೇಳುವವರಿಗೆ ಆಯಾಸವೇ ಹೊರತು ಆನಂದವಿಲ್ಲ. ಅದನ್ನೇ ಹಲಗೆಯ ಮೇಲೆ ೧೨೩೪೫೬೫೪೩೨೧ ಎಂದು ಬರೆದರೆ ಕಣ್ಣು ಅರಳುವುದು. ಒಂದರಿಂದ ಆರರವರೆಗೆ ಏರಿ, ಏರಿದ ಮೆಟ್ಟಿಲುಗಳಿಂದಲೇ ಇಳಿಯುವ ಈ ಸಂಖ್ಯೆಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ಗುಣಾಕಾರದ ಲೆಕ್ಕವೊಂದರ ಫಲವಾಗಿ ಇರಿಸಿರುವನು. ೨೭೯೯೪೬೮೧ನ್ನು ೪೪೧ರಿಂದ ಗುಣಿಸಬೇಕೆಂಬುದು ಆ ಲೆಕ್ಕ. ಇಂತಹವು ಅಲ್ಲಿ ಹಲವುಂಟು. ಕೆಲವು ಫಲಗಳನ್ನು ಆತನು ಕೊರಳ ಹಾರಕ್ಕೆ ಹೋಲಿಸಿರುವನು. ಇದು ಬರಿಯ ವಿನೋದವಲ್ಲ. ಗುಣಿಸುವ ವಿದ್ಯಾರ್ಥಿಯು ಒಂದು ದಶಕವನ್ನು ಕೂಡಿಸಲು ಮರೆತರೂ ಹಾರವು ಹರಿಯುವುದು. ತಪ್ಪಿಲ್ಲದೆ ಗುಣಿಸಿದರೆ ಫಲವೇ ತನ್ನ ಸತ್ಯವನ್ನು ಸಾರುವುದು. ಸರಿಯೋ ತಪ್ಪೋ ಎಂದು ಗುರುವಿನ ಮುಖವನ್ನು ನೋಡಬೇಕಾಗಿಲ್ಲ.

ಈ ಅಲಂಕಾರಕ್ಕೆ ಕಾರಣವೂ ಉಂಟು. ೪೪೧ ಎಂಬುದು ೨೧ರ ವರ್ಗ. ೨೭೯೯೪೬೮೧ ಎಂಬುದು ೫೨೯೧ರ ವರ್ಗ. ೨೧ನ್ನೂ ೫೨೯೧ನ್ನೂ ಗುಣಿಸಿದರೆ ೧೧೧೧೧೧. ಆದುದರಿಂದ ಹಾರದ ಸಂಖ್ಯೆಯು ಆರು ಒಂದುಗಳ ವರ್ಗವೇ ಆಗಿದೆ. ಆ ಸಾಲನ್ನು ಆರು ಸಲ, ಸಲಕ್ಕೊಂದು ಸ್ಥಾನದಂತೆ ಎಡಕ್ಕೆ ಸರಿಸಿ ಬರೆದು ಕೂಡಿದರೆ, ಕೊನೆಯ ಸ್ಥಾನದಲ್ಲಿ ಒಂದು, ಅದರ ಎಡಕ್ಕೆ ಎರಡು, ನಟ್ಟನಡುವೆ ಆರು, ಹೀಗೆ ಹಾರವು ತಾನಾಗಿ ಮೂಡುವುದು.

ಹಾಗಾದರೆ ಒಂದುಗಳನ್ನು ಹೆಚ್ಚಿಸುತ್ತ ಹೋದರೆ ಹಾರವೂ ಬೆಳೆಯುತ್ತಲೇ ಹೋಗುವುದೇ? ಒಂಬತ್ತು ಒಂದುಗಳ ವರ್ಗ ೧೨೩೪೫೬೭೮೯೮೭೬೫೪೩೨೧, ಇಲ್ಲಿಯವರೆಗೆ ಕುಂದಿಲ್ಲ. ಹತ್ತು ಒಂದುಗಳ ವರ್ಗವಾದರೋ ೧೨೩೪೫೬೭೯೦೦೯೮೭೬೫೪೩೨೧. ನಡುವಿನ ಸ್ಥಾನದ ಮೊತ್ತ ಹತ್ತಾಯಿತು. ಹತ್ತನ್ನು ತಿಳಿಸುವ ಒಂಟಿ ಅಂಕವಿಲ್ಲ. ಅದು ಎಡಗಡೆಯ ಸ್ಥಾನಕ್ಕೆ ದಾಟಿತು, ಕ್ರಮವು ಕೆಟ್ಟಿತು.

ಸಂಖ್ಯೆಯ ವೇಷ ಬೇರೆ, ಸ್ವಭಾವ ಬೇರೆ ಎಂಬುದು ಇದರಿಂದ ತಿಳಿಯುವುದು. ಹಾರವು ಹತ್ತರ ಸ್ಥಾನಕ್ರಮದಲ್ಲಿ ಬರೆಯುವ ರೂಢಿಯಿಂದ ಬಂದ ವೇಷ. ಹನ್ನೆರಡರ ಕ್ರಮದಲ್ಲಿ ಬರೆಯುವ ಜನರಿದ್ದರೆ ಅವರಿಗೆ ಈ ಸಂಖ್ಯೆಯಲ್ಲಿ ಹಾರವೇ ಕಾಣದು. ಆದರೆ ಅದು ಪೂರ್ಣವರ್ಗವೆಂಬುದೂ, ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯ ಸಂಖ್ಯೆಗಳನ್ನು ಎರಡೆರಡು ಬಾರಿ ಗುಣಿಸಿ ಹುಟ್ಟಿದುದೆಂಬುದೂ ಯಾವ ಲಿಪಿಯಲ್ಲಿ, ಯಾವ ಕ್ರಮದಲ್ಲಿ ಬರೆದರೂ ಮಾರ್ಪಡುವುದಿಲ್ಲ.

ಮನೆಯ ಹಿರಿಯರು ಇಂತಹ ಸಂಖ್ಯೆಗಳನ್ನು ಮಕ್ಕಳಿಗೆ ತೋರಿಸಿ, ಅವರು ಬೆರಗಾದುದನ್ನು ಕಂಡು ತೃಪ್ತರಾಗುವುದುಂಟು. ಬೆರಗಿನಲ್ಲಿಯೇ ನಿಂತ ಮಗುವಿಗೆ ಉಳಿಯುವುದು ವೇಷ ಮಾತ್ರ. “ಇನ್ನೊಂದು ಒಂದನ್ನು ಸೇರಿಸಿದರೆ ಏನಾಗುವುದು?” ಎಂದು ಅದು ಕೇಳಿದಾಗ, ಉತ್ತರವನ್ನು ಹೇಳಿಬಿಡದೆ, ಹಲಗೆಬಳಪಗಳನ್ನು ಅದರ ಕೈಗೆ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕುಳಿತಿರುವುದು ಮೇಲು.